ಈ ವರ್ಷ ಹೆಸರಹಬ್ಬ ಇಲ್ಲ

ಸೈನ್ಯದವರು ಎವಾಂಥಿಯಾಳ ಮನೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಬಹಳ ಸರಳವಾಗಿತ್ತು. ಆ ಮನೆಗೆ ಯಾರೂ ಬರುತ್ತಿರಲಿಲ್ಲ.

ಅದನ್ನು ಮೇಜರ್ ಕಲೀವಾಸ್ ಮುಚ್ಚುಮರೆಯಿಲ್ಲದೆ ಹೇಳಿದ. ಅಥೆನ್ಸಿನಿಂದ ರೈಲಿನಲ್ಲಿ ಬಂದಿದ್ದ, ಮೈಮೇಲೆ ಸಾದಾ ಕೋಟು, ಕಾಲಲ್ಲಿ ಮಾತ್ರ ಸೈನ್ಯದ ಬೂಟು. ಅಡುಗೆಮನೆಯ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ, ಊರಿನ ನಕ್ಷೆ ಓದುವವನಂತೆ ಮಾತಾಡಿದ.

"ಬೀದಿಯ ಕೊನೇ ಮನೆ. ಹಿಂದೆ ಹಿಪ್ಪುನೇರಳೆ ತೋಟ, ತೋಟ ಇಳಿದರೆ ನದಿ. ನದಿ ಆಚೆ ತುರ್ಕಿ. ಮೇಲೆ ದೊಡ್ಡ ಅಟ್ಟ. ಮೇಲಾಗಿ, ಕಿರಿಯಾ, ತಪ್ಪು ತಿಳ್ಕೋಬೇಡಿ, ನಿಮ್ಮನೆ ಕಡೆ ಯಾರೂ ತಲೆ ಹಾಕಲ್ಲ." ಗ್ರೀಕರು ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು 'ಕಿರಿಯಾ' ಎಂದೇ.

"ತಪ್ಪು ತಿಳ್ಕೊಳ್ಳೋದೇನು ಬಂತು," ಅಂದಳು ಎವಾಂಥಿಯಾ. "ಹಂಗೆ ಮಾಡಿದ್ದು ನೀವೇ ಅಲ್ವಾ."

ವಸಂತದಲ್ಲಿ ಸೈನ್ಯ ಅಧಿಕಾರ ಹಿಡಿದ ಬೆಳಿಗ್ಗೆಯೇ ಅವಳ ಗಂಡ ಮಿನಾಸನನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ಹೋಗಿದ್ದರು. ಅವನು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವವನು, ಕಾರ್ಮಿಕರ ಸಂಘದ ಕಾರ್ಯದರ್ಶಿ. ಈಗ ದಕ್ಷಿಣದ ಸಮುದ್ರದಲ್ಲಿ, ಮರವಿಲ್ಲದ ಒಂದು ದ್ವೀಪದಲ್ಲಿ, ಇತರ ಸಾವಿರಾರು ಜನರ ಜೊತೆ ಇದ್ದ. 'ನಾನು ಮಾಡಿದ್ದು ತಪ್ಪು, ಇನ್ನು ರಾಜಕೀಯಕ್ಕೆ ಕೈ ಹಾಕುವುದಿಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿದವರನ್ನು ಬಿಡುತ್ತಿದ್ದರು. ಮಿನಾಸ್ ಹಾಕಿರಲಿಲ್ಲ. ಬೇಸಿಗೆಯ ನಡುವೆ ಅವನಿಂದ ನಾಲ್ಕು ಸಾಲು ಬಂದದ್ದೇ ಕೊನೆ. ಆಮೇಲೆ ಸುದ್ದಿಯೇ ಇಲ್ಲ.

ಊರಿನವರು ಕೆಟ್ಟವರಲ್ಲ. ಆದರೆ ಭಯ ಅನ್ನುವುದು ನೆಗಡಿಯ ಹಾಗೆ, ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ. ಮೊದಲು ಎದುರಿಗೆ ಸಿಕ್ಕವರು ಮಾತು ಕಡಿಮೆ ಮಾಡಿದರು. ಆಮೇಲೆ ಎದುರಿಗೆ ಸಿಗುವುದನ್ನೇ ಬಿಟ್ಟರು. ಪಕ್ಕದ ಮನೆಯ ಪೊಲಿಕ್ಸೇನಿ, ಎವಾಂಥಿಯಾಳ ಜೊತೆ ಒಂದೇ ಬಟ್ಟಲಲ್ಲಿ ಕಾಫಿ ಕುಡಿದು ದೊಡ್ಡವಳಾದವಳು, ಅವಳೂ ನಡುಗೋಡೆಯ ಮೇಲಿಂದ ಉಪ್ಪು ಸಕ್ಕರೆ ಕೇಳುವುದನ್ನು ನಿಲ್ಲಿಸಿದಳು. ಅವಳ ಗಂಡನಿಗೂ ರೈಲ್ವೆಯಲ್ಲೇ ಕೆಲಸ. ಎವಾಂಥಿಯಾ ಅರ್ಥಮಾಡಿಕೊಂಡಿದ್ದಳು. ಅರ್ಥವಾದ ಮಾತ್ರಕ್ಕೆ ಮನೆ ತುಂಬುವುದಿಲ್ಲವಷ್ಟೆ. ದಿನಗಟ್ಟಲೆ ಬಾಯಿ ತೆರೆಯದೆ ಇದ್ದು, ಒಮ್ಮೊಮ್ಮೆ ಕೋಳಿಗಳನ್ನು ಕರೆಯಲು ಹೋದರೆ ಮೊದಲ ಸಲ ಸದ್ದೇ ಬರುತ್ತಿರಲಿಲ್ಲ.

"ಒಂದು ದಿನದ ಮಟ್ಟಿಗೆ," ಅಂದ ಮೇಜರ್. "ನದಿ ಆಚೆಯಿಂದ ಒಬ್ಬರು ದೊಡ್ಡ ಮನುಷ್ಯರು ಬರ್ತಾರೆ. ಅಟ್ಟದ ಮೇಲೆ ಕೂತು ಮಾತಾಡ್ತೀವಿ. ಹೋಗ್ತಾರೆ. ಅವರು ಬಂದಿದ್ದೂ ಗೊತ್ತಾಗಬಾರದು, ಹೋಗಿದ್ದೂ ಗೊತ್ತಾಗಬಾರದು. ಸೈನ್ಯದ ಒಳಗೇ ಅರ್ಧ ಜನಕ್ಕೆ ತಿಳಿಯಬಾರದು."

ಎವಾಂಥಿಯಾಳಿಗೆ ನಗು ಬಂತು, ನಗಲಿಲ್ಲ. ಬೆಳಗಾದರೆ ರೇಡಿಯೋದಲ್ಲಿ ತುರ್ಕರ ಮೇಲೆ ಹಲ್ಲು ಮಸೆಯುವವರು ಇವರೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ.

"ನನಗೇನು ಕೊಡ್ತೀರಿ?"

"ಕ್ರಿಸ್‌ಮಸ್‌ಗೆ ನಿಮ್ಮ ಗಂಡ ಮನೇಲಿರ್ತಾರೆ."

"ಸಹಿ?"

"ಸಹಿ ಗಿಹಿ ಏನೂ ಬೇಡ. ಸುಮ್ಮನೆ ಬಂದುಬಿಡ್ತಾರೆ."

ಆಗ ಅವಳು ಕೂತಳು. ಸಹಿಯಿಲ್ಲದೆ ಬಿಡುತ್ತೇವೆ ಎಂದು ಇದುವರೆಗೆ ಯಾರೂ ಅಂದಿರಲಿಲ್ಲ. ಸಹಿ ಹಾಕಿ ಬಂದರೆ ಮಿನಾಸ್ ಮಿನಾಸನಾಗಿ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೊಂಡ. ಅವನ ಮೊಂಡುತನದ ಮೇಲೆ ಸಿಟ್ಟು ಮಾಡಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದಳು, ಉಳಿದರ್ಧವನ್ನೂ ಹಾಗೇ ಕಳೆಯಲು ತಯಾರಿದ್ದಳು.

"ಯಾವತ್ತು ಬರ್ತಾರೆ ನಿಮ್ಮ ದೊಡ್ಡ ಮನುಷ್ಯರು?"

"ಹನ್ನೊಂದನೇ ತಾರೀಕು."

"ಆವತ್ತು ಸಂತ ಮಿನಾಸನ ದಿನ," ಅಂದಳು ಅವಳು. "ನಮ್ಮನೆಯವರ ಹೆಸರಹಬ್ಬ."

ಆ ನಾಡಿನಲ್ಲಿ ಹುಟ್ಟಿದ ದಿನಕ್ಕೆ ಅಂಥ ಬೆಲೆಯಿಲ್ಲ. ಯಾವ ಸಂತನ ಹೆಸರಿಟ್ಟಿದ್ದಾರೋ ಆ ಸಂತನ ದಿನವೇ ಮನುಷ್ಯನಿಗೂ ಹಬ್ಬ. ಆ ದಿನ ಯಾರನ್ನೂ ಕರೆಯುವ ಹಾಗಿಲ್ಲ. ಬಾಗಿಲು ತೆರೆದಿಟ್ಟು, ತಟ್ಟೆಯಲ್ಲಿ ಸಿಹಿ ಜೋಡಿಸಿ ಕೂತರಾಯಿತು. ಬರುವವರು ತಾವಾಗಿ ಬರುತ್ತಾರೆ, 'ಹಲವು ವರ್ಷ ಬಾಳಲಿ' ಎಂದು ಹರಸಿ, ಒಂದು ಸಿಹಿ ತಿಂದು, ಒಂದು ಗುಟುಕು ಕುಡಿದು ಹೋಗುತ್ತಾರೆ. ಗಂಡ ಸಮುದ್ರದ ಮೇಲಿದ್ದರೂ, ಯುದ್ಧದಲ್ಲಿದ್ದರೂ ಹೆಂಡತಿ ಅವನ ಪರವಾಗಿ ತಟ್ಟೆ ಜೋಡಿಸುತ್ತಾಳೆ.

"ಓ," ಅಂದ ಮೇಜರ್. ಒಂದು ಕ್ಷಣ ಯೋಚಿಸಿದ. "ಅದಕ್ಕೂ ವ್ಯವಸ್ಥೆ ಮಾಡ್ತೀನಿ ಬಿಡಿ. ಯಾರೂ ಬರಲ್ಲ."

"ವ್ಯವಸ್ಥೆ ಯಾತಕ್ಕೆ? ಹೆಂಗಿದ್ರೂ ಯಾರೂ ಬರಲ್ಲ ಅಂದ್ರಲ್ಲ."

"ಖಾತ್ರಿ ಇರಲಿ."

ಏನು ವ್ಯವಸ್ಥೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

*

ಹನ್ನೊಂದರ ಬೆಳಿಗ್ಗೆ ಹೊರಗೆ ಕಾಲಿಡಬೇಡಿ ಎಂದದ್ದರಿಂದ ಎವಾಂಥಿಯಾ ಚರ್ಚಿಗೂ ಹೋಗಲಿಲ್ಲ. ಆದರೂ ಸುಮ್ಮನಿರಲಾಗದೆ ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಬಾದಾಮಿ ಉಂಡೆಗಳನ್ನು ಮಾಡಿದಳು, ಅಂಜೂರದ ಮುರಬ್ಬದ ಜಾಡಿ ಇಳಿಸಿದಳು, ಚೆರ್ರಿ ಹಣ್ಣಿನ ಮದ್ಯದ ಸಣ್ಣ ಲೋಟಗಳನ್ನು ಉಜ್ಜಿ ಹೊಳೆಯಿಸಿದಳು. ಸಂತ ಮಿನಾಸ್ ಕಳೆದುಹೋದದ್ದನ್ನು ತೋರಿಸಿಕೊಡುವವನು ಎಂದು ಕುರಿ ಕಾಯುವವರು ನಂಬುತ್ತಾರೆ. ಕುರಿಯನ್ನು ತೋರಿಸಿಕೊಡುವವನಿಗೆ ಮನುಷ್ಯನ ಮೇಲೂ ದಯೆ ಇರಲಿ ಎಂದು ಮೂಲೆಯ ದೀಪಕ್ಕೆ ಎಣ್ಣೆ ಹಾಕಿದಳು.

ಸೈನ್ಯದವರು ರೈಲ್ವೆ ನಿಲ್ದಾಣದಿಂದ ತಂತಿ ಎಳೆದು ಅವಳ ಮಲಗುವ ಕೋಣೆಯಲ್ಲಿ ಒಂದು ಟೆಲಿಫೋನು ಇಟ್ಟಿದ್ದರು, ಮಂಚದ ತಲೆಗಡೆ, ಮದುವೆಯ ಹೂಕಿರೀಟಗಳನ್ನು ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಸರಿ ಕೆಳಗೆ. ಮಾತು ನಡೆಯುವಾಗ ಅಥೆನ್ಸನ್ನು ಕೇಳಬೇಕಾದರೆ ಇರಲಿ ಎಂದು.

ನದಿಯಾಚೆಯ ಮನುಷ್ಯ ತೋಟದ ಕಡೆಯಿಂದ ನಡೆದೇ ಬಂದ. ನುಸ್ರೆತ್ ಬೇ ಎಂದು ಹೆಸರು. ಬಿಳಿ ಮೀಸೆ, ಮಂಡಿವರೆಗೆ ಕೆಸರು, ಕೈಯಲ್ಲಿ ರೇಷ್ಮೆ ವ್ಯಾಪಾರಿಗಳ ಹಾಗೆ ಒಂದು ಚರ್ಮದ ಚೀಲ. ಹೊಸ್ತಿಲಲ್ಲಿ ನಿಂತು ಬೂಟನ್ನು ಕಳಚಿದ. ಮೇಜರ್ ಬೇಡವೆಂದರೂ ಕೇಳಲಿಲ್ಲ.

ಎವಾಂಥಿಯಾ ತುರ್ಕಿ ಭಾಷೆಯಲ್ಲಿ, "ಒಳಗೆ ಬನ್ನಿ, ನೆಲ ತಣ್ಣಗಿದೆ," ಅಂದಳು. ಅವಳ ಅಪ್ಪ ಅಮ್ಮ ಆಚೆ ದಡದಲ್ಲಿ ಹುಟ್ಟಿದವರು. ಎರಡೂ ದೇಶಗಳು ಜನರನ್ನು ಅದಲುಬದಲು ಮಾಡಿಕೊಂಡ ವರ್ಷ ಅವಳನ್ನು ಸೊಂಟದಲ್ಲಿ ಹೊತ್ತುಕೊಂಡು ನದಿ ದಾಟಿದ್ದರು.

ಮುದುಕ ತಿರುಗಿ ನೋಡಿದ. "ನಮ್ಮ ಕಡೆಯ ಮಾತು," ಅಂದ. "ಯಾವ ಊರು ತಾಯಿ?"

"ಕೆಶಾನಿನ ಹತ್ತಿರ. ನನಗೆ ನೆನಪಿಲ್ಲ."

"ನಿನ್ನ ನಾಲಿಗೆಗೆ ನೆನಪಿದೆ," ಎಂದು ಮೆಟ್ಟಿಲು ಹತ್ತಿದ.

ಮೇಲೆ ಅವರು ಫ್ರೆಂಚಿನಲ್ಲಿ ಮಾತಾಡುತ್ತಿದ್ದರು. ರೇಷ್ಮೆಹುಳು ಸಾಕುತ್ತಿದ್ದ ಅಟ್ಟ, ಈಗ ಬರಿದಾಗಿ ಪಿಸುಮಾತನ್ನೂ ಕೆಳಗೆ ಉರುಳಿಸುತ್ತಿತ್ತು. ಅವಳಿಗೆ ತಿಳಿದದ್ದು ಸೈಪ್ರಸ್ ಎಂಬ ಹೆಸರೊಂದೇ, ಎರಡೂ ದೇಶಗಳು ಕಿತ್ತಾಡುತ್ತಿದ್ದ ದ್ವೀಪ. ಕಾಫಿ ಕೊಟ್ಟು ಬಂದು, ಅಡುಗೆಮನೆಯಲ್ಲಿ ಮುಚ್ಚಿದ ಬಾಗಿಲಿನ ಎದುರು, ತುಂಬಿದ ತಟ್ಟೆಯ ಪಕ್ಕ ಕೂತಳು. ಮನೆಯಲ್ಲಿ ಗಂಡಸರ ಹೆಜ್ಜೆ ಸದ್ದು ಕೇಳಿ ಬಹಳ ಕಾಲವಾಗಿತ್ತು. ಯಾರದ್ದಾದರೇನು, ಸದ್ದು ಸದ್ದೇ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೀದಿಯ ತುದಿಯಲ್ಲಿ ಗಲಾಟೆ ಕೇಳಿಸಿತು. ಅಲ್ಲಿ ಸಾದಾ ಬಟ್ಟೆಯ ಪೊಲೀಸನೊಬ್ಬನನ್ನು ನಿಲ್ಲಿಸಿದ್ದರು.

"ಈ ಕಡೆ ಹೋಗೋ ಹಾಗಿಲ್ಲ."

"ಯಾಕಪ್ಪ, ನಿಮ್ಮಪ್ಪ ಸತ್ತಾಗಲೂ ಹಿಂಗೇ ಅಡ್ಡ ನಿಂತಿದ್ಯಾ?" ಇದು ಬೇಕರಿಯ ಸ್ಟಮಾಟಿಯಾಳ ಗಂಟಲು. ಆ ಗಂಟಲು ಇಡೀ ಊರಿಗೆ ಒಂದೇ ಇತ್ತು. "ಸರಿಯೋ ಆಚೆ. ಕೈ ಮುಟ್ಟಿದರೆ ನೋಡು, ತಟ್ಟೆ ಬಿದ್ದರೆ ಪಾಪ ನಿನ್ನ ತಲೆ ಮೇಲೆ."

ಎವಾಂಥಿಯಾ ಕಿಟಕಿಯ ಪರದೆ ಸರಿಸಿದಳು. ಅಂಗಳದೊಳಗೆ ಕಪ್ಪು ಬಟ್ಟೆಯ ಹೆಂಗಸರು ಬರುತ್ತಿದ್ದರು, ಹತ್ತು ಹದಿನೈದು ಮಂದಿ. ಮುಂದೆ ಸ್ಟಮಾಟಿಯಾ. ಎಲ್ಲರಿಗಿಂತ ಹಿಂದೆ, ಬಿಳಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದುಕೊಂಡು, ಪೊಲಿಕ್ಸೇನಿ.

ಒಳಗೆ ಬಿಡುವಂತಿಲ್ಲ ಎಂಬುದೊಂದು ನೆನಪಿತ್ತು. ಅವಳೇ ಹೊರಗೆ ಹೋಗಿ ಬೆನ್ನ ಹಿಂದೆ ಬಾಗಿಲು ಎಳೆದುಕೊಂಡಳು. ಪೊಲಿಕ್ಸೇನಿ ತಟ್ಟೆಯನ್ನು ಬಾವಿಕಟ್ಟೆಯ ಮೇಲಿಟ್ಟು ಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು.

"ಹೇಳಬಾರದಿತ್ತೇನೇ," ಎಂದು ಅತ್ತಳು. "ನನಗೆ ಹೇಳಬಾರದಿತ್ತಾ? ಗೋಡೆ ಮೇಲೆ ಒಂದು ಕಲ್ಲು ಎಸೆದಿದ್ರೂ ಬರ್ತಿದ್ದೆನಲ್ಲೇ."

"ಏನು ಹೇಳೋದು?"

"ದೇವರು ಅವನನ್ನ ಕ್ಷಮಿಸಲಿ. ನೀನು ಬದುಕಿ ಅವನ ನೆನಪು ಉಳಿಸು," ಅಂದಳು ಸ್ಟಮಾಟಿಯಾ, ಸಾವಿನ ಮನೆಯಲ್ಲಿ ಅನ್ನುವ ಹಾಗೆ. "ನಿನ್ನೆ ಪತ್ರಿಕೇಲಿ ನೋಡಿದ್ವಿ ಕಣವ್ವ. 'ಮಿನಾಸ್ ಸರಾಫೋಗ್ಲು ಈ ವರ್ಷ ಹೆಸರಹಬ್ಬ ಆಚರಿಸುವುದಿಲ್ಲ, ಯಾರನ್ನೂ ಬರಮಾಡಿಕೊಳ್ಳುವುದಿಲ್ಲ' ಅಂತ. ನನ್ನ ಗಂಡ ಓದಿದ, ಓದಿ ರೊಟ್ಟಿ ಒಲೇಲೇ ಬಿಟ್ಟು ಕೂತುಬಿಟ್ಟ. ಇಡೀ ಒಲೆ ಕರಕಲು."

ಆ ಊರಿನಲ್ಲಿ ಹೆಸರಹಬ್ಬ ನಿಲ್ಲುವುದು ಒಂದೇ ಒಂದು ಕಾರಣಕ್ಕೆ.

ಮೇಜರ್ ಮಾಡಿದ ವ್ಯವಸ್ಥೆ ಇದು. ಆದರೆ ಈ ವ್ಯವಸ್ಥೆ ಅವನಿಗೆ ಹೊಳೆದದ್ದು ಹೇಗೆ? ಇವರಿಗೆ ಗೊತ್ತಿರುವುದೇನಾದರೂ ತನಗೆ ಗೊತ್ತಿಲ್ಲವೇ? ಬೇಸಿಗೆಯಿಂದ ಒಂದು ಸಾಲೂ ಬಂದಿಲ್ಲ. ಸತ್ತವನನ್ನು ಕ್ರಿಸ್‌ಮಸ್‌ಗೆ ಕೊಡುತ್ತೇನೆ ಎಂದು ಮಾತು ಕೊಡಲು ಖರ್ಚೇನಿದೆ?

"ಕೂತ್ಕೊಳ್ಳಿ," ಅಂದಳು, ಅಂಗಳದ ಬೆಂಚನ್ನು ತೋರಿಸುತ್ತ. "ಬಂದೆ."

*

ಮೆಟ್ಟಿಲ ಅರ್ಧದಲ್ಲೇ ಮೇಜರ್ ಎದುರಾದ. ಸದ್ದು ಅವನಿಗೂ ಕೇಳಿಸಿತ್ತು.

"ಯಾರು ಅವರೆಲ್ಲ? ಕಳಿಸಿ ಅವರನ್ನ."

"ನನ್ನ ಗಂಡ ಯಾವಾಗ ಸತ್ತ?"

"ಏನು?"

"ಪತ್ರಿಕೇಲಿ ಹಾಕಿಸಿದೀರಿ. ಹೆಸರಹಬ್ಬ ಇಲ್ಲ ಅಂತ. ಇಲ್ಲಿ ಸತ್ತರೆ ಮಾತ್ರ ಹಂಗೆ ಹಾಕ್ತಾರೆ."

ಮೇಜರನ ಮುಖ ಪೆಚ್ಚಾಯಿತು. "ಅಥೆನ್ಸಲ್ಲಿ ಎಲ್ಲರೂ ಹಾಕ್ತಾರಲ್ಲ," ಅಂದ. "ಊರಿಗೆ ಹೋಗೋರು ಹಾಕ್ತಾರೆ, ನೆಗಡಿ ಆದೋರು ಹಾಕ್ತಾರೆ. ನನ್ನ ಹೆಂಡತಿ ನನ್ನ ಹಬ್ಬಕ್ಕೆ ಪ್ರತಿವರ್ಷ ಹಾಕಿಸ್ತಾಳೆ, ಲೋಟ ತೊಳೆಯೋಕೆ ಬೇಜಾರು ಅಂತ."

"ಅವರು ಬದುಕಿದಾರಾ?"

"ಬದುಕಿದಾರೆ."

"ನೀವು ನೋಡಿದೀರಾ?"

ಮೇಜರನ ಬೆನ್ನ ಹಿಂದೆ ಅಟ್ಟದ ಬಾಗಿಲಲ್ಲಿ ನುಸ್ರೆತ್ ಬೇ ಕಾಲುಚೀಲದಲ್ಲೇ ನಿಂತಿದ್ದ. ಗ್ರೀಕ್ ಮಾತು ತಿಳಿಯದಿದ್ದರೂ ಅಂಗಳದ ಅಳು ಎಲ್ಲ ಭಾಷೆಯಲ್ಲೂ ಅಳುವೇ.

"ಏನಾಯಿತು ತಾಯಿ?" ಎಂದು ತುರ್ಕಿಯಲ್ಲಿ ಕೇಳಿದ. ಅವಳು ಹೇಳಿದಳು. ಎಲ್ಲವನ್ನೂ ಅಲ್ಲ, ಬೇಕಾದಷ್ಟನ್ನು. ಅವನು ಕೇಳಿಸಿಕೊಂಡು ಮೇಜರನಿಗೆ ಫ್ರೆಂಚಿನಲ್ಲಿ ಒಂದೆರಡು ಮಾತು ಆಡಿದ. ಮೇಜರನ ಕಿವಿ ಕೆಂಪಾಯಿತು. ಮುದುಕ ಒಳಗೆ ಹೋದ ಮೇಲೆ ಮೇಜರ್ ಒಂದು ಮೆಟ್ಟಿಲು ಇಳಿದು ಅವಳ ಸಮಕ್ಕೆ ನಿಂತ.

"ಒಂದು ದಾರಿ ಇದೆ," ಅಂದ ತಗ್ಗಿದ ದನಿಯಲ್ಲಿ. "ದ್ವೀಪಕ್ಕೆ ಟೆಲಿಫೋನ್ ಮಾಡಿಸ್ತೀನಿ. ಅವರ ಧ್ವನಿ ಕೇಳಿ. ನೀವು ಬಾಯಿ ಬಿಡಬಾರದು, ಬರೀ ಕೇಳಬೇಕು, ಎಲ್ಲಿಂದ ಮಾಡ್ತಿದೀವಿ ಅಂತ ಅವರಿಗೆ ತಿಳಿಯಬಾರದು. ಆದರೆ ಒಂದು ಮಾತು ಕಿರಿಯಾ. ಅಲ್ಲಿಯ ಅಧಿಕಾರಿ ನಮ್ಮ ಗುಂಪಿನವನಲ್ಲ. ಈವತ್ತು ಈ ಹೆಸರು ಎತ್ತಿದರೆ ಅವನು ನೆನಪಿಟ್ಕೋತಾನೆ. ಮುಂದಿನ ತಿಂಗಳು ಅದೇ ಹೆಸರು ಬಿಡುಗಡೆ ಪಟ್ಟಿಗೆ ಹೋದರೆ, ಇವನ ಮೇಲೆ ಮೇಜರನಿಗೆ ಯಾಕಿಷ್ಟು ಪ್ರೀತಿ ಅಂತ ಕೆದಕ್ತಾನೆ. ಕೆದಕಿದರೆ ಈ ಮನೆ ಹೊರಗೆ ಬರುತ್ತೆ. ಎರಡೂ ಮಾಡೋಕಾಗಲ್ಲ."

"ಧ್ವನಿ, ಇಲ್ಲಾ ಮನುಷ್ಯ."

"ಹೌದು. ನನ್ನ ಮಾತು ನಂಬಿದರೆ ಕ್ರಿಸ್‌ಮಸ್‌ಗೆ ಮನುಷ್ಯನೇ ಬರ್ತಾನೆ."

ಅವಳು ಅವನ ಮುಖ ನೋಡಿದಳು. ಕೆಟ್ಟ ಮುಖವಲ್ಲ. ಮನೆಯಲ್ಲಿ ಲೋಟ ತೊಳೆಯಲು ಬೇಜಾರುಪಡುವ ಹೆಂಡತಿಯಿರುವ ಮುಖ. ನಂಬಿದರೆ ಒಂದೂವರೆ ತಿಂಗಳು ಹಗಲೂ ರಾತ್ರಿ ಮಿನಾಸ್ ಬದುಕಿದ್ದಾನೋ ಇಲ್ಲವೋ ಎಂದು ಬೇಯಬೇಕು. ಬೇಯಬಹುದು, ಬೇಯುವುದೇನು ಹೊಸದಲ್ಲ. ಆದರೆ ಬಾಗಿಲಾಚೆ ಊರಿನ ಹೆಂಗಸರು ಅವನಿಗಾಗಿ ಅಳುತ್ತ ಕೂತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಯಾರಾದರೂ ಶೋಕದ ಹಾಡು ಎತ್ತುತ್ತಾರೆ. ಬದುಕಿರುವವನ ಹೆಸರಿಗೆ ಆ ಹಾಡನ್ನು ಹಾಡಗೊಡುವುದು ಹೇಗೆ? ಸತ್ತಿದ್ದರೆ, ಹಾಡದಂತೆ ತಡೆಯುವುದು ಹೇಗೆ?

"ಟೆಲಿಫೋನ್ ಮಾಡ್ಸಿ," ಅಂದಳು.

"ಯೋಚನೆ ಮಾಡಿ."

"ಮಾಡಿದೆ."

*

ದ್ವೀಪ ಸಿಗಲು ಹೊತ್ತು ಹಿಡಿಯುತ್ತದೆ, ಸಿಕ್ಕಾಗ ಕರೆಯುತ್ತೇನೆ ಎಂದ ಮೇಜರ್. ಅವಳು ಅಂಗಳಕ್ಕೆ ಬಂದು ಬೆಂಚಿನ ಮೇಲೆ ಕೂತಳು. ಒಂದು ಕಡೆ ಪೊಲಿಕ್ಸೇನಿ, ಇನ್ನೊಂದು ಕಡೆ ಸ್ಟಮಾಟಿಯಾ. ಎರಡೂ ಕಡೆಯಿಂದ ಮೈಯ ಬಿಸಿ ತಾಗಿತು. ಆ ಬಿಸಿಗೆ ಅವಳ ಕಣ್ಣು ತುಂಬಿದ್ದನ್ನು ಕಂಡು ಎಲ್ಲರೂ ಗಂಡನ ನೆನಪೆಂದುಕೊಂಡರು.

ಯಾಕೆ ಇಷ್ಟು ತಿಂಗಳು ಬರಲಿಲ್ಲ ಎಂದು ಅವಳು ಕೇಳಲಿಲ್ಲ. ಹೆದರಿಕೆ ಬದುಕಿದ್ದವನ ಬಗ್ಗೆ. ಸತ್ತವನ ಮನೆಗೆ ಹೋದರೆ ಯಾವ ಸರ್ಕಾರ ಏನು ಮಾಡೀತು? ಹಿಂದಿನ ರಾತ್ರಿ ಊರಿನ ಒಲೆಗಳಲ್ಲಿ ಸತ್ತವರಿಗೆಂದು ಬೇಯಿಸುವ ಗೋಧಿಯ ಜೊತೆ ನಾಚಿಕೆಯೂ ಬೆಂದಿತ್ತು. ಈಗ ಒಬ್ಬೊಬ್ಬಳೂ ಬಾಯಿ ಬಿಟ್ಟಳು.

"ನನ್ನ ಮಗಳ ಮದುವೇಲಿ ಮಿನಾಸ್ ಕುಣಿದಿದ್ದು ನೆನಪಿದೆಯೇನೇ? ಪಾದ್ರಿಯ ಕಾಲು ತುಳಿದು."

"ತುಳಿದಿದ್ದು ಬೇಕಂತಲೇ. ಆ ಪಾದ್ರಿ ಸಂಘಕ್ಕೆ ಬೈದಿದ್ದ."

"ಕ್ಷಮೆ ಕೇಳೋ ಅಂದರೆ, 'ಕಾಲು ಮುಂದೆ ಇಟ್ಟಿದ್ದು ಅವರೇ' ಅಂದ ಮೊಂಡ."

ಅಳುತ್ತಲೇ ನಕ್ಕರು. ಎವಾಂಥಿಯಾಳೂ ನಕ್ಕಳು. ಮಾತು, ಮಾತಿನ ಮೇಲೆ ಮಾತು, ಒಬ್ಬರನ್ನೊಬ್ಬರು ತಡೆದು ಆಡುವ ಮಾತು. ಒಣಗಿದ ನೆಲದ ಹಾಗೆ ಅವಳು ಹೀರಿಕೊಂಡಳು. ಈ ಬೆಂಚಿನ ಮೇಲೆ ಹೀಗೇ ಸಂಜೆಯಾಗಿಬಿಡಲಿ, ಟೆಲಿಫೋನು ಬರುವುದೇ ಬೇಡ ಎಂದು ಒಂದು ಗಳಿಗೆ ಮನಸ್ಸು ಬಯಸಿತು. ಬಯಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೇಲೆ ಕುರ್ಚಿ ಎಳೆದ ಸದ್ದು. ಸ್ಟಮಾಟಿಯಾ ತಲೆಯೆತ್ತಿದಳು.

"ಅಟ್ಟದ ಮೇಲೆ ಯಾರೇ?"

"ಇಲಿ."

"ಹೌದಾ," ಅಂದಳು ಸ್ಟಮಾಟಿಯಾ, ಅಟ್ಟದ ಕಿಟಕಿಯಿಂದ ಎದ್ದು ಬರುತ್ತಿದ್ದ ತೆಳು ಹೊಗೆಯನ್ನೇ ನೋಡುತ್ತ. "ನಿಮ್ಮನೆ ಇಲಿ ಸಿಗರೇಟು ಸೇದುತ್ತಾ?"

ಯಾರೂ ನಗಲಿಲ್ಲ. ಪೊಲಿಕ್ಸೇನಿ ಅವಳ ಕೈ ಹಿಡಿದಿದ್ದಳು. ಹಿಡಿತ ಬಿಡಲಿಲ್ಲ, ಆದರೆ ಸಡಿಲಿತು.

ಅಷ್ಟರಲ್ಲಿ ಒಳಗಿನಿಂದ ಕಿಟಕಿಯ ಗಾಜನ್ನು ಯಾರೋ ಬೆರಳಿಂದ ಬಡಿದರು.

*

ಮೇಜರ್ ಟೆಲಿಫೋನಿನ ರಿಸೀವರನ್ನು ಅವಳ ಕೈಗೆ ಕೊಟ್ಟು, ತುಟಿಯ ಮೇಲೆ ಬೆರಳಿಟ್ಟ. ಗಾಳಿಯ ಸದ್ದು, ಸಮುದ್ರದ ಸದ್ದಿರಬಹುದು, ಸುಮ್ಮನೆ ತಂತಿಯ ಸದ್ದೂ ಇರಬಹುದು. ದೂರದಲ್ಲಿ ಯಾರೋ, "ಮಾತಾಡೋ," ಎಂದ.

ಎವಾಂಥಿಯಾ ಕಣ್ಣು ಮುಚ್ಚಿದಳು. ತಲೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮೇಣದ ಹೂಗಳ ಎರಡು ಕಿರೀಟ, ಒಂದು ರಿಬ್ಬನ್ನಿನಿಂದ ಕಟ್ಟಿದ್ದು. ಉಸಿರು ಕೇಳುತ್ತಿತ್ತು. ಯಾರ ಉಸಿರು? ಉಸಿರಿಗೆ ಹೆಸರಿರುವುದಿಲ್ಲ.

"ಮಾತಾಡೋ ಅಂದ್ನಲ್ಲ," ಎಂದಿತು ದೂರದ ದನಿ.

ಆಗ ಒಂದು ಕೆಮ್ಮು. ಕೆಮ್ಮಿನ ಬೆನ್ನಿಗೆ, ಸೋತು ಒರಟಾದರೂ ಬದಲಾಗದ, ಪಾದ್ರಿಯ ಎದುರು ಮಾತಾಡಿದ್ದ ಅದೇ ದನಿ:

"ಅಲ್ಲಯ್ಯ, ಈಗ ಟೆಲಿಫೋನಲ್ಲೂ ಶುರು ಮಾಡಿದ್ರಾ? ಸಹಿ ಹಾಕಲ್ಲ ಅಂದ್ನಲ್ಲ. ಎಷ್ಟು ಸಲ ಹೇಳಬೇಕು? ನಿಮ್ಮ ದೊಡ್ಡ ಸಾಹೇಬರಿಗೆ ಕಿವಿ ಕೇಳಲ್ವಾ? ಹಾಕಲ್ಲ. ಹಾಕಲ್ಲ ಅಂದರೆ ಹಾಕಲ್ಲ. ಇನ್ನು ಇಡ್ತೀರಾ? ಚಳಿ ಆಗ್ತಿದೆ."

ಅವಳ ಬಾಯಿ ತೆರೆಯಿತು. ಮೇಜರ್ ಕೈ ಅಡ್ಡ ತಂದ. ಅವಳು ತುಟಿ ಕಚ್ಚಿದಳು. ಕೋಟು ಹಾಕ್ಕೊಳ್ಳೋ ಮಾರಾಯ, ಪೆಟ್ಟಿಗೇಲಿ ಉಣ್ಣೆಯ ಬನಿಯನ್ ಇಟ್ಟಿದ್ದೆ, ಅದನ್ನ ಹಾಕ್ಕೊಳ್ಳೋ. ಈವತ್ತು ನಿನ್ನ ಹೆಸರಹಬ್ಬ ಕಣೋ. ಒಂದೂ ಹೊರಗೆ ಬರಲಿಲ್ಲ. ಲೈನು ಕಡಿದುಹೋಯಿತು.

"ಅವರೇನಾ?" ಎಂದ ಮೇಜರ್.

"ಅವರೇ," ಅಂದಳು. "ಇನ್ಯಾರು ಬೈತಾರೆ ಹಂಗೆ."

ಮೇಜರ್ ನೆಲ ನೋಡಿದ. "ಹಾಗಾದರೆ ಕ್ರಿಸ್‌ಮಸ್ ಮಾತು ಮರೆತುಬಿಡಿ ಕಿರಿಯಾ."

"ಮರೆತೆ."

ಅಂಗಳಕ್ಕೆ ಓಡಿ ಬಂದಾಗ ಅವಳ ಮುಖದಲ್ಲಿ ಏನಿತ್ತೋ, ಹೆಂಗಸರೆಲ್ಲ ಎದ್ದು ನಿಂತರು.

"ಬದುಕಿದಾರೆ," ಅಂದಳು. "ಮಿನಾಸ್ ಬದುಕಿದಾರೆ ಕಣ್ರೇ. ಪತ್ರಿಕೇದು ತಪ್ಪು."

ಪೊಲಿಕ್ಸೇನಿ ಶಿಲುಬೆಯ ಗುರುತು ಹಾಕಿಕೊಂಡಳು. ಯಾರೋ ದೇವಮಾತೆಯನ್ನು ಕರೆದರು. ಆಮೇಲೆ ಸ್ಟಮಾಟಿಯಾ, ಅಷ್ಟು ದೊಡ್ಡ ಗಂಟಲಿನವಳು, ಮೆಲ್ಲಗೆ ಕೇಳಿದಳು:

"ಯಾರು ಹೇಳಿದ್ರು ನಿನಗೆ?"

"ಧ್ವನಿ ಕೇಳಿದೆ."

"ಒಳಗೆ ಹೋಗಿ ಹೊರಗೆ ಬರೋದ್ರೊಳಗೆ? ಯಾರು ಕೇಳಿಸಿದ್ರು?"

ಎವಾಂಥಿಯಾ ಹೇಳಬಹುದಿತ್ತು. ಕ್ರಿಸ್‌ಮಸ್ ಹೇಗೂ ಹೋಗಿತ್ತು. ಆದರೆ ಹೇಳಿದರೆ ಮೇಜರ್ ಸಿಕ್ಕಿಬೀಳುತ್ತಾನೆ, ಅವನು ಸಿಕ್ಕಿಬಿದ್ದರೆ ದ್ವೀಪದಲ್ಲಿ ಚಳಿಗೆ ನಡುಗುತ್ತಿರುವವನ ಗತಿ ಏನು? ಟೆಲಿಫೋನಿನಲ್ಲಿ ಹೆಸರು ಎತ್ತಿಸಿಕೊಂಡ ಕೈದಿ ಅವನು. ಅವಳ ಬಾಯಿ ಆ ಹೆಸರಿನ ಜೊತೆಗೇ ಕಟ್ಟಿಹೋಗಿತ್ತು.

ಹೆಂಗಸರು ಅಟ್ಟದ ಕಿಟಕಿ ನೋಡಿದರು. ಮುಚ್ಚಿದ ಬಾಗಿಲು ನೋಡಿದರು. ಸೂರಿನಡಿ ಹೊಸದಾಗಿ ಎಳೆದಿದ್ದ ತಂತಿ ನೋಡಿದರು. ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಸೈನ್ಯದವರು ಇವಳ ಅಟ್ಟದಲ್ಲಿ ಕೂತು ಸಿಗರೇಟು ಸೇದುತ್ತಾರೆ, ಇವಳು ಕಾಫಿ ಕಾಸುತ್ತಾಳೆ.

"ನಡೀರೇ," ಅಂದಳು ಸ್ಟಮಾಟಿಯಾ. "ಒಲೆ ಆರಿರುತ್ತೆ."

ಒಬ್ಬೊಬ್ಬಳಾಗಿ ತಟ್ಟೆ ಎತ್ತಿಕೊಂಡು ಹೋದರು. ಇಷ್ಟು ದಿನ ಅವರು ಮುಖ ತಿರುಗಿಸುತ್ತಿದ್ದದ್ದು ಹೆದರಿಕೆಯಿಂದ, ಹೆದರಿಕೆಯಲ್ಲಿ ಒಂದು ಮರುಕವಿರುತ್ತದೆ. ಈಗ ಯಾರೂ ಮುಖ ತಿರುಗಿಸಲಿಲ್ಲ, ನೇರ ನೋಡಿಕೊಂಡೇ ಹೋದರು.

ಪೊಲಿಕ್ಸೇನಿ ಕೊನೆಯವಳು.

"ನಾನು ಮೂರು ಸಲ ಅವನ ಹೆಸರು ಹೇಳಿ ಗೋಧಿ ತೊಳೆದೆ," ಅಂದಳು. "ಅತ್ತುಕೊಂಡು ತೊಳೆದೆ."

"ಪೊಲಿಕ್ಸೇನಿ, ನಾನು..."

"ಹೇಳ್ಬೇಡ. ನನ್ನ ಗಂಡನಿಗೂ ರೈಲ್ವೇಲೇ ಕೆಲಸ." ಹೋದಳು. ತಟ್ಟೆ ಬಾವಿಕಟ್ಟೆಯ ಮೇಲೇ ಉಳಿಯಿತು.

*

ಸಂಜೆಗೆ ಮಾತುಕತೆ ಮುಗಿಯಿತು. ಹೇಗೆ ಮುಗಿಯಿತೋ ಅವಳಿಗೆ ತಿಳಿಯಲಿಲ್ಲ, ಇಬ್ಬರ ಮುಖದಲ್ಲೂ ಗೆದ್ದ ಕಳೆಯಿರಲಿಲ್ಲ. ಮೇಜರ್ ತಂತಿ ಸುತ್ತಿಸಲು ಹೋದ. ನುಸ್ರೆತ್ ಬೇ ಅಡುಗೆಮನೆಯಲ್ಲಿ ಬೂಟು ತೊಡುತ್ತ, ಮೇಜಿನ ಮೇಲೆ ಅವಳು ತಂದಿಟ್ಟಿದ್ದ ಪೊಲಿಕ್ಸೇನಿಯ ತಟ್ಟೆಯ ಬಟ್ಟೆ ಸರಿಸಿದ. ಬೇಯಿಸಿದ ಗೋಧಿ, ದಾಳಿಂಬೆ, ಒಣದ್ರಾಕ್ಷಿ, ಮೇಲೆ ಸಕ್ಕರೆ ಪುಡಿ, ಸಕ್ಕರೆಯ ಮೇಲೆ ಬಾದಾಮಿಯಲ್ಲಿ ಬರೆದ ಶಿಲುಬೆ.

"ಇದು ನಮ್ಮ ಅಮ್ಮನೂ ಮಾಡುತ್ತಿದ್ದಳು," ಅಂದ ಮುದುಕ, ಮುಖ ಅರಳಿಸಿ. "ನೋಹನ ಹಡಗು ದಡ ಮುಟ್ಟಿದಾಗ ಉಳಿದಿದ್ದ ಕಾಳನ್ನೆಲ್ಲ ಕೂಡಿಸಿ ಬೇಯಿಸಿದ್ದಂತೆ. ಮಾಡಿದರೆ ನೆರೆಮನೆಗಳಿಗೆಲ್ಲ ಹಂಚಲೇಬೇಕು. ಒಂದು ಚಮಚ ತಿನ್ನಲೇ?"

ಸತ್ತವರ ಊಟ, ಬದುಕಿದ್ದವನ ಹೆಸರಿನಲ್ಲಿ ಮಾಡಿದ್ದು. ಚೆಲ್ಲಿದರೆ ಪಾಪ, ಅವಳು ತಿಂದರೆ ಅಪಶಕುನ. ಹಡಗು ದಡ ಮುಟ್ಟಿದ ಊಟವೆಂದು ತಿನ್ನುವವನಿಗೆ ಯಾವ ದೋಷ?

"ಪೂರ್ತಿ ತಿನ್ನಿ," ಅಂದಳು.

ಹಸಿದಿದ್ದ. ಬಾದಾಮಿಯ ಶಿಲುಬೆಯನ್ನೂ ಬಿಡದೆ ತಿಂದ. ಮೀಸೆ ಒರೆಸಿಕೊಂಡು, "ನಿನ್ನ ಗಂಡ ಹಲವು ವರ್ಷ ಬಾಳಲಿ," ಎಂದ, ಈ ಕಡೆಯವರು ಹರಸುವ ಹಾಗೆ. ಆ ದಿನ ಆ ಮನೆಯಲ್ಲಿ ಹೆಸರಹಬ್ಬದ ಹಾರೈಕೆ ಹೇಳಿದವನು ಅವನೊಬ್ಬನೇ. ತೋಟದ ಮರಗಳ ನಡುವೆ ಇಳಿದು, ನದಿಯ ಮಂಜಿನಲ್ಲಿ ಕಾಣದಾದ.

ಮನೆ ಮತ್ತೆ ಸದ್ದಿಲ್ಲದಾಯಿತು. ಎವಾಂಥಿಯಾ ಪೊಲಿಕ್ಸೇನಿಯ ತಟ್ಟೆಯನ್ನು ತೊಳೆದಳು. ಕೊಟ್ಟ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ಅಲ್ಲಿಯೂ ಇಲ್ಲ. ಬಾದಾಮಿ ಉಂಡೆಗಳನ್ನು ಒಂದರ ಮೇಲೊಂದು ಜೋಡಿಸಿ, ಶುಭ್ರ ಬಟ್ಟೆ ಮುಚ್ಚಿ, ಎಂದಿನಂತೆ ನಡುಗೋಡೆಯ ಮೇಲೆ ಇಟ್ಟು, ಎಂದಿನಂತೆ ಎರಡು ಸಲ ಗೋಡೆ ತಟ್ಟಿದಳು. ಆಚೆಯಿಂದ ಉತ್ತರ ಬರಲಿಲ್ಲ. ದೀಪ ಮಾತ್ರ ಉರಿಯುತ್ತಿತ್ತು.

ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕಲು ಹೋದಾಗ ನೋಡಿದಳು. ತಟ್ಟೆ ಇರಲಿಲ್ಲ. ಮಡಿಸಿದ ಬಟ್ಟೆಯ ಮೇಲೆ ಉಂಡೆಗಳು ಇದ್ದವು, ಒಂದೂ ಕಡಿಮೆಯಾಗದೆ. ಮಂಜಿಗೆ ನೆನೆಯದಿರಲೆಂದು ಮೇಲೊಂದು ಬೋಗುಣಿಯನ್ನೂ ಮಗುಚಿಟ್ಟಿದ್ದಳು ಪೊಲಿಕ್ಸೇನಿ.

ಎವಾಂಥಿಯಾ ಗೋಡೆಯ ಪಕ್ಕದಲ್ಲೇ ನಿಂತು ಒಂದು ಉಂಡೆ ತಿಂದಳು. ಸಕ್ಕರೆ ಪುಡಿ ಗಂಟಲಿಗೆ ಹತ್ತಿ ಕೆಮ್ಮು ಬಂತು. ಅವನ ಕೆಮ್ಮಿನ ನೆನಪಾಯಿತು. ಕೋಟು ಹಾಕಿಕೊಂಡಿದ್ದಾನೋ ಇಲ್ಲವೋ.

ಬೋಗುಣಿಯನ್ನು ಒಳಗೆ ತೆಗೆದುಕೊಂಡು ಹೋದಳು. ಅದನ್ನೂ ಹಿಂದಿರುಗಿಸಬೇಕಿತ್ತು.